ಟೆಂಟು ಹಾಕುವ ಜಾಗ

ಏಪ್ರಿಲ್ 6, ಭಾನುವಾರ

ಇವತ್ತು ಹೈಸ್ಕೂಲು ಮೈದಾನದಲ್ಲಿ ರುದ್ರಾಣಿ ನನ್ನ ಜೊತೆ ಒಂದೇ ಒಂದು ಸುತ್ತು ಹಾಕಿದಳು. ಉಳಿದದ್ದೆಲ್ಲ ದುರ್ಗಾಂಬಿಕಾಳ ಜೊತೆ. ಮೊಣಕಾಲು ನೋವಿನವಳೆಂದು ನಾನು ವರ್ಷಗಟ್ಟಲೆ ನನ್ನ ಹೆಜ್ಜೆ ಸಣ್ಣದು ಮಾಡಿಕೊಂಡು ಬಂದಿದ್ದೇನೆ. ಆ ದುರ್ಗಾಂಬಿಕಾಳ ಜೊತೆ ಹೋಗುವಾಗ ನೋಡಿದರೆ ನೋವು ಇದ್ದಂತೆಯೇ ಕಾಣಲಿಲ್ಲ.

ಈ ದುರ್ಗಾಂಬಿಕಾ ಪಶು ಆಸ್ಪತ್ರೆಗೆ ವರ್ಗವಾಗಿ ಚನ್ನಗಿರಿಗೆ ಬಂದವಳು. ಜಗಳೂರು ಕಡೆಯ ಸೊಕ್ಕೆಯವಳು. ಹಳೇ ಓಮ್ನಿ ಓಡಿಸುತ್ತಾಳೆ, ರಸ್ತೆಗೆಲ್ಲ ಕೇಳಿಸುವಂತೆ ನಗುತ್ತಾಳೆ. ಬೆಳಿಗ್ಗೆ ನಡೆಯುವ ನಮ್ಮ ಐದು ಹೆಂಗಸರ ಗುಂಪಿಗೆ ಸಂಕ್ರಾಂತಿ ಕಳೆದ ಮೇಲೆ ಸೇರಿಕೊಂಡಳು. ಸೇರಿಸಿದವಳು ಬೇರೆ ಯಾರೂ ಅಲ್ಲ, ರುದ್ರಾಣಿಯೇ.

ರುದ್ರಾಣಿ, ನಾನು ಒಂದೇ ಬೀದಿಗೆ ಸೊಸೆಯರಾಗಿ ಬಂದವರು. ಅವಳ ತವರು ಹೊನ್ನಾಳಿ, ನನ್ನದು ಸೂಳೆಕೆರೆ ಪಕ್ಕದ ಊರು. ಅವಳ ಹೆರಿಗೆಗೆ ನಾನಿದ್ದೆ, ನನ್ನ ಮಗಳ ಮದುವೆಗೆ ಅವಳು ನಿಂತಳು. ಬೇಸಿಗೆಗೊಂದು ಬೆಟ್ಟ ಹತ್ತುವಾಗ ಇಬ್ಬರು ಮಲಗುವ ಹಸಿರು ಟೆಂಟಿನಲ್ಲಿ ನಾವಿಬ್ಬರೇ. ನನ್ನ ಕಾರಿನ ಮುಂದಿನ ಸೀಟು ಅವಳದು. ಅವಳು ಬಂದರೆ ನಮ್ಮ ಯಜಮಾನರೂ ಎದ್ದು ಹಿಂದೆ ಕೂರುತ್ತಾರೆ.

ಇವತ್ತು ದುರ್ಗಾಂಬಿಕಾ ತಂದ ಶೇಂಗಾ ಚಟ್ನಿಪುಡಿಯನ್ನು ಬಾಯಿಗೆ ಹಾಕಿಕೊಂಡು ರುದ್ರಾಣಿ, "ಇಂಥದ್ದು ಹುಟ್ಟಿದಾಗಿಂದ ತಿಂದಿರ್ಲಿಲ್ಲ ನೋಡು" ಅಂದಳು. ಹಾಗಾದರೆ ಇಷ್ಟು ವರ್ಷ ನನ್ನ ಚಟ್ನಿಪುಡಿ ಡಬ್ಬಿಗಟ್ಟಲೆ ಖಾಲಿ ಮಾಡಿದ್ದು ಯಾರು?

ಮನೆಗೆ ಬಂದು ಪಾತ್ರೆ ಕುಕ್ಕಿದೆ. ಯಜಮಾನರು, ಅಂದರೆ ಮುರುಗೇಶಪ್ಪನವರು, ಪೇಪರಿನಿಂದ ಕಣ್ಣೆತ್ತದೆ "ಇವತ್ತು ಯಾರ ಮ್ಯಾಲೆ?" ಅಂದರು. ಯಾರ ಮೇಲೂ ಇಲ್ಲ ಅಂದೆ. ಇದು ನನ್ನ ಪುಸ್ತಕ, ಇಲ್ಲಿ ಸುಳ್ಳೇಕೆ? ಹೊಟ್ಟೆ ಉರಿಯುತ್ತಿದೆ.

ಏಪ್ರಿಲ್ 9, ಬುಧವಾರ

ಈ ವರ್ಷ ಕರಿಬಂಡೆ ಗುಡ್ಡ ಎಂದು ತೀರ್ಮಾನವಾಯಿತು. ಮೇ ಮೊದಲ ಶನಿವಾರ ಹೋಗಿ ಬುಡದಲ್ಲಿ ಮಲಗುವುದು, ಭಾನುವಾರ ಬೆಳಿಗ್ಗೆ ನೆತ್ತಿ ಹತ್ತಿ ಇಳಿಯುವುದು. ಜೂನಿನಲ್ಲಿ ರುದ್ರಾಣಿಯ ಮೊಣಕಾಲಿಗೆ ಆಪರೇಷನ್. ಆಮೇಲೆ ಬೆಟ್ಟಗಿಟ್ಟ ಎಲ್ಲ ಮರೆತುಬಿಡಿ ಎಂದು ಡಾಕ್ಟರು ಹೇಳಿದ್ದಾರೆ. "ಅದಕ್ಕೂ ಮುಂಚೆ ಒಂದು ಸಲ ನೆತ್ತಿ ಮುಟ್ಟಿ ಬಂದುಬಿಡ್ತೀನಿ ಕಣೆ" ಎಂದು ನನ್ನ ಕೈ ಹಿಡಿದುಕೊಂಡಳು.

ಪ್ರತಿ ವರ್ಷ ಮುಂಚೆ ಹೋಗಿ ಜಾಗ ನೋಡಿ ಬರುವುದು ನನ್ನ ಕೆಲಸ. ಗಾಡಿ ಎಲ್ಲಿ ನಿಲ್ಲಿಸಬೇಕು, ಟೆಂಟು ಎಲ್ಲಿ ಹಾಕಬೇಕು, ನೀರು ಎಲ್ಲಿ, ಹೆಂಗಸರಿಗೆ ಮರೆ ಎಲ್ಲಿ, ಎಲ್ಲ ನಾನು ನೋಡಿ ಹೇಳಿದ ಮೇಲೆಯೇ ಮುಂದಿನ ಮಾತು. ಇವತ್ತು ಲಕ್ಷ್ಮೀದೇವಕ್ಕ, "ಈ ಸಲ ಪ್ರಮೀಳಾನೂ ದುರ್ಗಾಂಬಿಕಾನೂ ಇಬ್ರೂ ಹೋಗಿ ನೋಡ್ಕಂಡು ಬರ್ರಿ" ಎಂದು ನನ್ನ ಹೆಸರಿನ ಜೊತೆ ಅವಳ ಹೆಸರೂ ಸೇರಿಸಿಬಿಟ್ಟರು. ಹೆಡ್‌ಮಿಸ್ ಆಗಿ ರಿಟೈರಾದವರು, ಗುಂಪಿಗೆ ಹಿರಿಯರು, ಎದುರು ಮಾತಾಡಲು ಆಗುವುದಿಲ್ಲ. ರುದ್ರಾಣಿ ಮಾತಾಡಬಹುದಿತ್ತು. ಅವಳು ಸುಮ್ಮನೆ ನಕ್ಕಳು.

ಏಪ್ರಿಲ್ 13, ಭಾನುವಾರ

ಜಾಗ ನೋಡಿಕೊಂಡು ಬಂದೆವು. ನನ್ನ ಕಾರಿನಲ್ಲೇ. ದುರ್ಗಾಂಬಿಕಾ ನೇರವಾಗಿ ಮುಂದಿನ ಬಾಗಿಲು ತೆಗೆದಳು. ನಾನು ಆ ಸೀಟಿನ ಮೇಲೆ ಮೊದಲೇ ಬ್ಯಾಗು ಇಟ್ಟಿದ್ದೆ. "ಬ್ಯಾಗಿನಲ್ಲಿ ಮೊಸರು ಇದೆ, ಎಸಿ ಗಾಳಿ ಬೇಕು" ಅಂದೆ. "ಆತು ಬಿಡ್ರಿ, ಮೊಸರಿಗಿಂತ ನಾನೇನು ಹೆಚ್ಚಲ್ಲ" ಎಂದು ನಗುತ್ತಾ ಹಿಂದೆ ಹೋಗಿ ಕುಳಿತಳು. ದಾರಿಯುದ್ದಕ್ಕೂ ಮಾತು. ನಾನು ಹೂಂ ಅನ್ನುವುದಷ್ಟೇ.

ಗುಡ್ಡದ ಬುಡದಲ್ಲಿ ಎಂಥ ಚೆಂದದ ಜಾಗ ಸಿಕ್ಕಿತು! ಬತ್ತಿದ ಒಂದು ಹಳ್ಳ. ಜರಡಿ ಹಿಡಿದಂಥ ನುಣ್ಣನೆ ಮರಳು, ಎರಡೂ ದಡದಲ್ಲಿ ಹೊಂಗೆ ಮರ. ಕಾರು ಮರದ ಬುಡದವರೆಗೆ ಹೋಗುತ್ತದೆ. ಡೋರು ತೆಗೆದು ನಾಲ್ಕು ಹೆಜ್ಜೆ ಇಟ್ಟರೆ ಟೆಂಟು. ರುದ್ರಾಣಿಯ ಕಾಲಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆ?

ದುರ್ಗಾಂಬಿಕಾ ಮರಳಿನಲ್ಲಿ ನಿಂತು ಗುಡ್ಡ ನೋಡಿದಳು, ಹಳ್ಳ ಬರುವ ದಿಕ್ಕು ನೋಡಿದಳು. "ಇಲ್ಲಿ ಬ್ಯಾಡ್ರಿ ಅಕ್ಕಾ" ಅಂದಳು.

"ಯಾಕೆ?"

"ಹಳ್ಳದಾಗೆ ಮಲಗಾಕೆ ಆಗಲ್ರೀ. ನಾವು ಬರೋ ಹೊತ್ತಿಗೆ ಭರಣಿ ಮಳೆ ಇರ್ತೈತೆ. ಮ್ಯಾಲೆ ಬಿದ್ರೆ ಸಾಕು, ಇಲ್ಲಿ ಒಂದು ಹನಿ ಬೀಳದಿದ್ರೂ ನೀರು ಬರ್ತೈತೆ. ನಮ್ಮ ಕಡೆ ಕುರಿ ಸಮೇತ ಕೊಚ್ಕೊಂಡು ಹೋಗಿದ್ದು ನಾನೇ ನೋಡೀನಿ."

ನನಗೆ ನಗು ಬಂತು. ಬರಗಾಲದ ಜಗಳೂರಿನವರು ಬಂದು ನಮಗೆ ನೀರಿನ ವಿಷಯ ಹೇಳುವುದೇ? ನಾನು ನಾಲೆ ದಂಡೆಯ ಮೇಲೆ ಬೆಳೆದವಳು. ನೀರು ಬಿಡುವ ದಿನ ಪೇಪರಿನಲ್ಲಿ ಬರುತ್ತದೆ, ನಿಲ್ಲಿಸುವ ದಿನವೂ ಬರುತ್ತದೆ. ನಿಲ್ಲಿಸಿದರೆ ನಿಲ್ಲಿಸಿದ್ದೇ. ಬತ್ತಿದ ನಾಲೆಯೊಳಗೆ ನಮ್ಮೂರಿನವರು ಭತ್ತ ಒಣಗಿಸುತ್ತಾರೆ, ಹುಡುಗರು ಕ್ರಿಕೆಟ್ ಆಡುತ್ತಾರೆ, ಸೆಕೆಗೆ ಚಾಪೆ ಹಾಸಿ ಮಲಗುತ್ತಾರೆ. ಯಾರನ್ನೂ ನೀರು ಎಳೆದುಕೊಂಡು ಹೋಗಿಲ್ಲ. ಇದನ್ನೇ ಹೇಳಿದೆ. "ಇದಕ್ಕೆ ಗೇಟು ಇಲ್ಲಲ್ರೀ ಅಕ್ಕಾ" ಅಂದಳು. ಮಾತಿಗೊಂದು ಮಾತು!

ಅವಳು ತೋರಿಸಿದ ಜಾಗ ಬೇರೆ. ಊರ ಕೊನೆಯಲ್ಲಿ ಬೆನಕಪ್ಪ ಎಂಬ ರೈತನ ಅಂಗಳ, ಗಾಡಿ ಅಲ್ಲಿ ನಿಲ್ಲಿಸುವುದು. ಅಲ್ಲಿಂದ ಕಲ್ಲುದಾರಿಯಲ್ಲಿ ಹತ್ತಿದರೆ ಚಪ್ಪಟೆ ಬಂಡೆ, ಟೆಂಟು ಅದರ ಮೇಲೆ. ಸೊಂಟ ಮುರಿದುಕೊಳ್ಳಲು ಹೇಳಿ ಮಾಡಿಸಿದಂತಿದೆ.

ಅವಳು ಬೆನಕಪ್ಪನನ್ನು ಮಾತಾಡಿಸಲು ಹೋದಾಗ ನಾನು ಹಳ್ಳದಲ್ಲೇ ಸ್ವಲ್ಪ ಮೇಲಕ್ಕೆ ನಡೆದೆ. ಲಕ್ಕಿ ಪೊದೆಯಲ್ಲಿ ನನ್ನ ಸೊಂಟದೆತ್ತರಕ್ಕೆ ಒಣಹುಲ್ಲು, ಕಡ್ಡಿ, ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡಿತ್ತು. ಎಲ್ಲ ಒಂದೇ ಕಡೆಗೆ ಬಾಗಿತ್ತು. ಗಾಳಿಗೆ ಬಂದದ್ದಿರಬೇಕು. ದುರ್ಗಾಂಬಿಕಾಳಿಗೆ ತೋರಿಸಲಿಲ್ಲ. ಕಂಡಲ್ಲೆಲ್ಲ ಕಸ ತೋರಿಸಿಕೊಂಡು ಹೋಗಲು ನಾನೇನು ಪುರಸಭೆಯೇ?

ಏಪ್ರಿಲ್ 16, ಬುಧವಾರ

ಗೆದ್ದೆ!

ಲಕ್ಷ್ಮೀದೇವಕ್ಕನ ಮನೆಯಲ್ಲಿ ಎಲ್ಲರೂ ಕೂತು ಮಾತಾಡಿದೆವು. ದುರ್ಗಾಂಬಿಕಾ ಬಂಡೆ ಅಂದಳು, ನಾನು ಹಳ್ಳದ ಮರಳು ಅಂದೆ. ಕಲ್ಲುದಾರಿಯಲ್ಲಿ ಸಾಮಾನು ಹೊತ್ತು ಹತ್ತಿದರೆ ಮಾರನೆಯ ದಿನ ನೆತ್ತಿಗೆ ಹೋಗಲು ರುದ್ರಾಣಿಗೆ ಕಾಲು ಉಳಿಯುತ್ತದೆಯೇ ಎಂದು ಕೇಳಿದೆ. ಅದು ಸುಳ್ಳಲ್ಲವಲ್ಲ. ಲಕ್ಷ್ಮೀದೇವಕ್ಕ, "ನೋಯೋ ಕಾಲು ನಿಂದು, ನೀನೇ ಹೇಳವ್ವ" ಎಂದು ರುದ್ರಾಣಿಯ ಕಡೆ ತಿರುಗಿದರು.

"ಪ್ರಮೀಳಾ ಹೇಳಿದ ಕಡೆ" ಅಂದಳು ರುದ್ರಾಣಿ. "ನನ್ನ ಕಾಲು ನನಗಿಂತ ಅವಳಿಗೆ ಗೊತ್ತು."

ಎದೆ ತುಂಬಿ ಬಂತು. ದುರ್ಗಾಂಬಿಕಾಳ ಮುಖ ನೋಡಿದೆ. "ಆತು ಬಿಡ್ರಿ" ಎಂದು ಚಹಾ ಕುಡಿದಳು. ಸೋತವರು ಸ್ವಲ್ಪ ಸೋತಂತೆ ಕಂಡರೆ ಏನು ಗಂಟು ಹೋಗುತ್ತದೋ. ಹೊರಡುವಾಗ ಬ್ಯಾಗಿನಿಂದ ಮೊಣಕಾಲಿಗೆ ಹಾಕುವ ಬೆಲ್ಟು ತೆಗೆದು ರುದ್ರಾಣಿಗೆ ಕೊಟ್ಟಳು. ದಾವಣಗೆರೆಗೆ ಹೋದಾಗ ತಂದಳಂತೆ.

ಏಪ್ರಿಲ್ 24, ಗುರುವಾರ

ರುದ್ರಾಣಿ ಆ ಬೆಲ್ಟನ್ನು ದಿನಾ ಹಾಕುತ್ತಿದ್ದಾಳೆ. ಬಣ್ಣ ಚೆನ್ನಾಗಿಲ್ಲ.

ಏಪ್ರಿಲ್ 28, ಸೋಮವಾರ

ಸಂಜೆ ತಾರಸಿಯಲ್ಲಿ ಬಟ್ಟೆ ತೆಗೆಯುವಾಗ ನೋಡಿದೆ, ಗುಡ್ಡದ ದಿಕ್ಕಿನಲ್ಲಿ ಕಪ್ಪು ಮೋಡ, ಮಿಂಚು. ಇಲ್ಲಿ ಒಂದು ಹನಿ ಇಲ್ಲ. ಆ ಲಕ್ಕಿ ಪೊದೆ ನೆನಪಾಯಿತು. ಗಾಳಿಗೆ ಬಂದ ಕಸ ಅಷ್ಟು ಬಿಗಿಯಾಗಿ ಹೆಣೆದುಕೊಳ್ಳುತ್ತದೆಯೇ?

ಲಕ್ಷ್ಮೀದೇವಕ್ಕನಿಗೆ ಫೋನು ಮಾಡಿ ಜಾಗ ಬದಲಾಯಿಸೋಣ ಎನ್ನಬಹುದು. ಮಾಡಿದರೆ ದುರ್ಗಾಂಬಿಕಾ ಹೇಳಿದ್ದೇ ಸರಿ ಎಂದಾಯಿತು. ರುದ್ರಾಣಿ ನನ್ನನ್ನು ನಂಬಿ ಹೂಂ ಅಂದವಳು, ಆಮೇಲೆ ಯಾರನ್ನು ನಂಬುತ್ತಾಳೆ? ಫೋನು ಕೈಯಲ್ಲಿ ಹಿಡಿದು ಕೂತಿದ್ದೆ. ಯಜಮಾನರು "ಯಾರಿಗೆ?" ಅಂದರು. ಟೈಮ್ ನೋಡುತ್ತಿದ್ದೆ ಅಂದೆ.

ಮೇ 4, ಭಾನುವಾರ

ಈಗ ಮನೆಗೆ ಬಂದು ಸ್ನಾನ ಮಾಡಿ ಕೂತೆ. ಮೈಯೆಲ್ಲ ನೋವು, ಆದರೂ ಬರೆದೇ ಮಲಗಬೇಕು.

ನಿನ್ನೆ ಮಧ್ಯಾಹ್ನ ಆರೂ ಜನ ತಲುಪಿದೆವು, ಎರಡು ಗಾಡಿಯಲ್ಲಿ. ರುದ್ರಾಣಿ ನನ್ನ ಪಕ್ಕದಲ್ಲೇ ಕೂತಿದ್ದಳು. ಗಾಡಿಗಳನ್ನು ಹೊಂಗೆ ಮರದ ಕೆಳಗೆ ನಿಲ್ಲಿಸಿ ಮರಳಿನಲ್ಲಿ ಟೆಂಟು ಹಾಕಿದೆವು. ದುರ್ಗಾಂಬಿಕಾ ತಾನೊಬ್ಬಳೇ ಮಲಗುವ ಪುಟ್ಟ ಟೆಂಟು ತಂದಿದ್ದಳು. ಎಲ್ಲರೂ ಮರಳು ಹೊಗಳಿದರು. ಮಂಡಕ್ಕಿ ಕಲಸಿದೆ, ಒಬ್ಬರಿಗೂ ಸಾಕಾಗಲಿಲ್ಲ. ರುದ್ರಾಣಿ ಬೆಲ್ಟು ಬಿಚ್ಚಿ, ಕಾಲಿಗೆ ಎಣ್ಣೆ ಹಚ್ಚಿಕೊಂಡು ಟೆಂಟಿನೊಳಗೆ ಅಡ್ಡಾದಳು. ನಾನು ಇಷ್ಟು ಸಂತೋಷವಾಗಿದ್ದು ಸಂಕ್ರಾಂತಿಯಿಂದೀಚೆಗೆ ಅದೇ ಮೊದಲು.

ಐದು ಗಂಟೆ ಹೊತ್ತಿಗೆ ತಣ್ಣನೆ ಗಾಳಿ ಬಂತು. ನಮ್ಮ ತಲೆಯ ಮೇಲೆ ಬಿಸಿಲು, ನೆತ್ತಿಯ ಹಿಂದೆ ಮಾತ್ರ ಆಕಾಶ ಕಾವಲಿಯಂತೆ ಕಪ್ಪು. ಗುಡುಗು ಕೇಳಿಸುತ್ತಿತ್ತೋ ಇಲ್ಲವೋ ಅನ್ನುವಷ್ಟು ದೂರ. ದುರ್ಗಾಂಬಿಕಾ ಎದ್ದು ನಿಂತು ಅದನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ನೋಡಿದಳು. ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನಾನು ಇಲ್ಲ ಎಂದೇ ಹೇಳುತ್ತಿದ್ದೆನೇನೋ.

ನಾನು ಲಕ್ಕಿ ಪೊದೆಯ ಹತ್ತಿರ ಹೋದೆ. ಕಸ ಹಾಗೇ ಇತ್ತು, ಸೊಂಟದೆತ್ತರಕ್ಕೆ, ನೀರು ತಂದು ಸಿಕ್ಕಿಸಿಹೋದಂತೆ. ತಿರುಗಿ ನೋಡಿದರೆ ಟೆಂಟಿನಿಂದ ರುದ್ರಾಣಿಯ ಎರಡು ಪಾದ ಹೊರಗೆ ಕಾಣುತ್ತಿದ್ದವು. ಅವಳಿಗೆ ಎದ್ದು ನಿಲ್ಲಲೇ ನಾನು ಕೈ ಕೊಡಬೇಕು.

"ಹಾವು! ಹಾವು!" ಎಂದು ಕಿರುಚಿದೆ.

ಹಾವೂ ಇರಲಿಲ್ಲ, ಹಗ್ಗವೂ ಇರಲಿಲ್ಲ. ದುರ್ಗಾಂಬಿಕಾ ಹೇಳಿದ್ದು ನಿಜ, ಏಳಿ ಎನ್ನಲು ಬಾಯಿ ಬರಲಿಲ್ಲ. ಇದು ಬಂತು.

ಎಲ್ಲರೂ ಎದ್ದು ಕುಣಿದಾಡಿದರು. ಲಕ್ಷ್ಮೀದೇವಕ್ಕ ಮಾತ್ರ ಕೋಲು ಹಿಡಿದು, "ಎಲ್ಲೈತೆ? ನನಗೆ ಕಾಣ್ತಿಲ್ಲಲ್ಲ" ಎಂದು ಮರಳು ಕೆದಕತೊಡಗಿದರು. ಆಗ ದುರ್ಗಾಂಬಿಕಾ, "ನಾನೂ ನೋಡ್ದೆ ರೀ. ನಾಗರಹಾವು. ಆ ಪೊದೆಯಾಗೆ ಹೋತು" ಅಂದಳು.

ನನ್ನ ಹಾವಿನಲ್ಲೂ ಅವಳಿಗೆ ಪಾಲು ಬೇಕು! ಅಂಥ ಹೊತ್ತಿನಲ್ಲೂ ನನಗೆ ಹಾಗನ್ನಿಸಿತು.

ಅವಳು ಅಷ್ಟಕ್ಕೇ ಬಿಡಲಿಲ್ಲ. "ಬೇಗ ಬೇಗ ಟೆಂಟು ಕೀಳ್ರಿ, ಬಂಡೆ ಮ್ಯಾಲೆ ಹೋಗಾನ. ಗಾಡಿನೂ ತೆಗೀರಿ, ಹಾವು ಬೆಚ್ಚಗಾಗಾಕೆ ಇಂಜಿನ್ ಒಳಗೆ ಸೇರ್ಕಂತಾವೆ" ಅಂದಳು. ಪಶು ಆಸ್ಪತ್ರೆಯವಳು ಹೇಳಿದ ಮೇಲೆ ಯಾರು ಇಲ್ಲ ಎನ್ನುತ್ತಾರೆ? ನಾನು ಕಾರು, ಅವಳು ಓಮ್ನಿ, ಎರಡನ್ನೂ ಬೆನಕಪ್ಪನ ಅಂಗಳಕ್ಕೆ ಹತ್ತಿಸಿದೆವು. ರುದ್ರಾಣಿಯ ಒಂದು ತೋಳು ನನ್ನ ಹೆಗಲ ಮೇಲೆ, ಇನ್ನೊಂದು ಅವಳ ಹೆಗಲ ಮೇಲೆ. ಕಲ್ಲುದಾರಿ ಹತ್ತಿದೆವು. ಉಳಿದವರು ಸಾಮಾನು ತಂದರು. ದುರ್ಗಾಂಬಿಕಾಳ ಟೆಂಟೊಂದು ಅಲ್ಲೇ ಉಳಿಯಿತು.

ಬಂಡೆಯ ಮೇಲೆ ಕೂತು ಉಸಿರು ತೆಗೆದುಕೊಳ್ಳುವಾಗ ಸದ್ದು ಬಂತು. ಲಾರಿ ಬರುತ್ತಿದೆ ಅಂದುಕೊಂಡೆ. ನೀರು. ಮೊದಲು ನೊರೆ, ಕಸಕಡ್ಡಿ. ಹಿಂದೆಯೇ ಕೆಂಪಗೆ, ದಡದಿಂದ ದಡಕ್ಕೆ. ನಾವು ಮಂಡಕ್ಕಿ ತಿಂದ ಜಾಗ ಮುಳುಗಿತು. ದುರ್ಗಾಂಬಿಕಾಳ ಟೆಂಟು ಒಂದು ಸಲ ಎದ್ದು ನಿಂತಂತೆ ಮಾಡಿ ಹೊರಟೇಹೋಯಿತು. ನಮ್ಮ ಮೇಲೆ ಆಗಲೂ ಒಂದು ಹನಿ ಇಲ್ಲ.

ಲಕ್ಷ್ಮೀದೇವಕ್ಕ ನಿಧಾನವಾಗಿ ಕೈ ಮುಗಿದರು. "ನಾಗಪ್ಪ ಬಂದು ಎಬ್ಬಿಸಿ ಹೋದ" ಅಂದರು. ಎಲ್ಲರೂ ಕೈ ಮುಗಿದರು. ನಾನೂ ಮುಗಿದೆ, ಏನು ಮಾಡುವುದು? ದುರ್ಗಾಂಬಿಕಾಳೂ ಮುಗಿದಳು, ನನಗಿಂತ ಭಕ್ತಿಯಿಂದ.

ಟೆಂಟು ಹೋದವಳನ್ನು ಎಲ್ಲಿ ಮಲಗಿಸುವುದು? ರುದ್ರಾಣಿ ಕೂಡಲೇ, "ನಮ್ಮ ಟೆಂಟಿಗೆ ಬಾರೆ" ಅಂದಳು. ನಮ್ಮ ಟೆಂಟಿಗೆ! ಇಬ್ಬರ ಟೆಂಟಿನಲ್ಲಿ ಮೂವರು. ಅವಳು ರುದ್ರಾಣಿಯ ಪಕ್ಕ ಮಲಗಬಾರದೆಂದು ನಾನೇ ನಡುವೆ ಮಲಗಿದೆ. ರುದ್ರಾಣಿ ತಲೆ ಇಟ್ಟ ಕೂಡಲೇ ಗೊರಕೆ ಹೊಡೆದಳು. ಆ ಕಡೆಯಿಂದ ಸಣ್ಣ ದನಿ ಬಂತು: "ಅಕ್ಕಾ, ಹಾವು ಎಷ್ಟು ಉದ್ದ ಇತ್ರೀ?"

"ನೀವೂ ನೋಡಿದಿರಲ್ಲ, ನೀವೇ ಹೇಳಿ" ಅಂದೆ.

"ನಾ ನೋಡಿದ್ದು ನಿಮ್ಮ ಮಖ ರೀ."

ಲಕ್ಕಿ ಪೊದೆಯ ಕಸದ ವಿಷಯ ಹೇಳಿಬಿಟ್ಟೆ, ಅಂದು ನೋಡಿಯೂ ತೋರಿಸದೆ ಬಂದದ್ದನ್ನೂ. ಬಯ್ಯುತ್ತಾಳೆ ಅಂದುಕೊಂಡೆ. "ಇನ್ಮ್ಯಾಲೆ ತೋರಿಸ್ರಿ" ಎಂದಷ್ಟೇ ಅಂದಳು. ಆಮೇಲೆ ಯಾವುದೋ ಎಮ್ಮೆಯ ಕಥೆ ತೆಗೆದಳು. ನಗು ತಡೆಯಲಾರದೆ ನಾನು ದುಪ್ಪಟಿ ಕಚ್ಚಿಕೊಂಡೆ.

ಬೆಳಿಗ್ಗೆ ನೆತ್ತಿ ಹತ್ತಿದೆವು. ಬಂಡೆಯಿಂದ ಹೊರಟಿದ್ದರಿಂದ ದಾರಿ ಅರ್ಧವಾಗಿತ್ತು. ಇದನ್ನು ಆವತ್ತೇ ಯಾರಾದರೂ ಹೇಳಬಾರದಿತ್ತೇ? ದುರ್ಗಾಂಬಿಕಾ ಹೇಳಿದ್ದಳಂತೆ, ನಾನು ಕೇಳಿಸಿಕೊಂಡಿರಲಿಲ್ಲ. ರುದ್ರಾಣಿ ತುದಿಗಲ್ಲು ಮುಟ್ಟಿ ಅತ್ತಳು. "ನಿನ್ನ ಹಾವು ನನ್ನ ಜೀವ ಉಳಿಸ್ತು ಕಣೆ" ಎಂದು ನನ್ನನ್ನು ತಬ್ಬಿಕೊಂಡಳು. ನಾನು ಅವಳ ಭುಜದ ಮೇಲಿಂದ ದುರ್ಗಾಂಬಿಕಾಳನ್ನು ನೋಡಿದೆ. ಅವಳು ಬೇರೆ ಕಡೆ ತಿರುಗಿ ಮುಖ ಒರೆಸಿಕೊಳ್ಳುತ್ತಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ.

ಮೇ 11, ಭಾನುವಾರ

ಊರೆಲ್ಲ ಹಾವಿನ ಸುದ್ದಿ. ಲಕ್ಷ್ಮೀದೇವಕ್ಕನ ಬಾಯಲ್ಲಿ ಅದು ಹೆಡೆ ಬಿಚ್ಚಿದೆ. ಪಂಚಮಿಗೆ ಎಲ್ಲರೂ ಸೇರಿ ಹುತ್ತಕ್ಕೆ ಹಾಲೆರೆಯಬೇಕಂತೆ. ದಾರಿಯಲ್ಲಿ ಕಂಡವರೆಲ್ಲ ನನ್ನನ್ನು ನಿಲ್ಲಿಸಿ ಕೇಳುತ್ತಾರೆ. ದುರ್ಗಾಂಬಿಕಾ ಪಕ್ಕದಲ್ಲಿದ್ದರೆ ಉತ್ತರ ಅವಳೇ ಕೊಡುತ್ತಾಳೆ, ನಾನು ತಲೆಯಾಡಿಸಿದರೆ ಸಾಕು. ಸುಳ್ಳು ಹೇಳುವುದು ಅವಳಿಗೆ ಚೆನ್ನಾಗಿ ಬರುತ್ತದೆ.

ಜೂನ್ 12, ಗುರುವಾರ

ರುದ್ರಾಣಿಯ ಆಪರೇಷನ್ ಆಯಿತು, ಚೆನ್ನಾಗಿದ್ದಾಳೆ. ದಿನಾ ಸಂಜೆ ದಾವಣಗೆರೆಗೆ ಹೋಗಿ ಬರುತ್ತೇನೆ. ನನ್ನ ಕಾರಿನ ಎಸಿ ಸರಿಯಿಲ್ಲ, ಅದಕ್ಕೆ ಓಮ್ನಿಯಲ್ಲಿ ದುರ್ಗಾಂಬಿಕಾಳ ಜೊತೆ ಹೋಗುವುದು. ಓಮ್ನಿಗೆ ಎಸಿಯೇ ಇಲ್ಲ, ಆದರೆ ಗಾಳಿ ಚೆನ್ನಾಗಿ ಬರುತ್ತದೆ.

ಜೂನ್ 29, ಭಾನುವಾರ

ನ್ಯಾಮತಿ ಕಡೆ ಒಂದು ಹಳ್ಳಿಯಲ್ಲಿ ದನಗಳಿಗೆ ಲಸಿಕೆ ಹಾಕುವ ಕ್ಯಾಂಪಿತ್ತು. "ಬರ್ತೀರೇನ್ರಿ ಅಕ್ಕಾ?" ಎಂದು ದುರ್ಗಾಂಬಿಕಾ ಕೇಳಿದಳು. ನನಗೂ ಬೇರೆ ಕೆಲಸವಿರಲಿಲ್ಲ. ಅವಳು ಸೂಜಿ ಹಾಕಿದಳು, ನಾನು ಕೊಡೆ ಹಿಡಿದೆ. ಬರುವಾಗ ಮಂಡಕ್ಕಿ, ಮೆಣಸಿನಕಾಯಿ ತಿಂದೆವು. ದಾರಿಯಲ್ಲಿ ಗುಡ್ಡ ಕಂಡಲ್ಲೆಲ್ಲ ಓಮ್ನಿ ನಿಲ್ಲಿಸಿ, ಟೆಂಟು ಎಲ್ಲಿ ಹಾಕಬಹುದು, ಗಾಡಿ ಎಲ್ಲಿ ನಿಲ್ಲಿಸಬಹುದು ಎಂದು ನೋಡಿದೆವು. ಒಂದು ಹಳ್ಳದ ಪೊದೆಯಲ್ಲಿ ಕಸ ಕಂಡು "ಅಲ್ಲಿ ನೋಡೇ!" ಎಂದು ತೋರಿಸಿದೆ. ತುಂಬ ನಕ್ಕಳು. ಮನೆಗೆ ಬರುವಾಗ ಕತ್ತಲಾಗಿತ್ತು. ರುದ್ರಾಣಿಯನ್ನು ನೋಡಿ ಬರಬೇಕಿತ್ತು, ನಾಳೆ ಹೋದರಾಯಿತು.

ಅವಳ ಚಟ್ನಿಪುಡಿಯ ಗುಟ್ಟು ಸಿಕ್ಕಿತು. ಶೇಂಗಾ ಸ್ವಲ್ಪ ಹೆಚ್ಚು ಹುರಿಯಬೇಕು.

ಜುಲೈ 29, ಮಂಗಳವಾರ, ನಾಗರಪಂಚಮಿ

ಸಿಟ್ಟು ಬಂದಿದೆ. ಬರೆದುಬಿಡುತ್ತೇನೆ.

ಊರಾಚೆ ಹುತ್ತಕ್ಕೆ ಹಾಲೆರೆಯಲು ಹೋಗಬೇಕಿತ್ತಲ್ಲ, ಬೆಳಿಗ್ಗೆ ಮಡಿಯುಟ್ಟು, ಹಾಲಿನ ಚೊಂಬು, ತಂಬಿಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ದುರ್ಗಾಂಬಿಕಾಳಿಗೆಂದು ತಂಬಿಟ್ಟು ಬೇರೆ ಕಟ್ಟಿದ್ದೆ, ಅವಳಿಗೆ ಏಲಕ್ಕಿ ಹೆಚ್ಚಿಗೆ ಬೇಕು. ಓಮ್ನಿ ಬಂತು. ಬಾಗಿಲು ತೆಗೆಯಲು ಕೈ ಹಾಕಿದರೆ ಮುಂದಿನ ಸೀಟಿನಲ್ಲಿ ರುದ್ರಾಣಿ! ಕೋಲು ಕಾಲ ನಡುವೆ ನಿಲ್ಲಿಸಿಕೊಂಡು ಕುಳಿತಿದ್ದಾಳೆ. ಅಷ್ಟು ಹೊತ್ತಿಗಾಗಲೇ ಇಬ್ಬರೂ ಏನೋ ಮಾತಾಡಿ ನಗುತ್ತಿದ್ದರು.

"ಹಿಂದೆ ಕೂತ್ಕೋ ಪ್ರಮೀಳಾ" ಅಂದಳು ರುದ್ರಾಣಿ, ತನ್ನದೇ ಗಾಡಿ ಅನ್ನುವಂತೆ.

ಲಕ್ಷ್ಮೀದೇವಕ್ಕನ ಪಕ್ಕ ಹಾಲು ಚೆಲ್ಲದಂತೆ ಹಿಡಿದು ಕೂತೆ. ದಾರಿಯುದ್ದಕ್ಕೂ ಮುಂದಿನ ಇಬ್ಬರದೇ ಮಾತು. ಎಮ್ಮೆಯ ಕಥೆಯನ್ನೂ ದುರ್ಗಾಂಬಿಕಾ ಅವಳಿಗೆ ಹೇಳಿದಳು. ಅದನ್ನು ನನಗೊಬ್ಬಳಿಗೇ ಹೇಳಿದ್ದು ಅಂದುಕೊಂಡಿದ್ದೆ. ಹುತ್ತದ ಹತ್ತಿರ ಎಲ್ಲರೂ ನಾಗಪ್ಪ ನಾಗಪ್ಪ ಎನ್ನುತ್ತಾ ಹಾಲೆರೆದರು. ದುರ್ಗಾಂಬಿಕಾ ನನ್ನತ್ತ ನೋಡಿ ಕಣ್ಣು ಮಿಟುಕಿಸಿದಳು, ನಾನು ನೋಡದವಳಂತೆ ಇದ್ದೆ. ತಂಬಿಟ್ಟು ಹಾಗೇ ಮನೆಗೆ ತಂದೆ.

ಒಳಗೆ ಬಂದು ಚೊಂಬು ಕುಕ್ಕಿದೆ. ಯಜಮಾನರು "ಇವತ್ತು ಯಾರ ಮ್ಯಾಲೆ?" ಅಂದರು. "ಇನ್ಯಾರ ಮೇಲ್ರಿ, ರುದ್ರಾಣಿ ಮೇಲೆ" ಅಂದೆ. ಅವರು ಪೇಪರು ಕೆಳಗಿಟ್ಟು ನನ್ನನ್ನು ಒಂದು ಥರಾ ನೋಡಿದರು. ಯಾಕೋ ಗೊತ್ತಿಲ್ಲ.

ಆಪರೇಷನ್ ಆದ ಕಾಲು, ಚಾಚಲು ಜಾಗ ಬೇಕು, ಸರಿ. ಹಿಂದೆ ಚಾಚಲು ಆಗುವುದಿಲ್ಲವೇ? ಹೋಗಲಿ, ರುದ್ರಾಣಿಗೆ ಗೊತ್ತಿಲ್ಲ. ದುರ್ಗಾಂಬಿಕಾಳಿಗಾದರೂ ತಿಳಿಯಬೇಡವೇ, ಅದು ನನ್ನ ಸೀಟು ಎಂದು?